ಗೇಟ್ ಬೇಕಾ, ದೀಪ ಬೇಕಾ, ಕಾರ್ಯಕ್ರಮ ಬೇಕಾ? ನಿಮ್ಮ ಬಡಾವಣೆ ಸಂಘದಲ್ಲಿ ಹೇಗೆ ತೀರ್ಮಾನ ಮಾಡುತ್ತೀರಿ?

ಬೇವಿನಮರದ ಮನೆ
ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಈ ವರ್ಷ ಒಂದಷ್ಟು ದುಡ್ಡು ಉಳಿದಿದೆ. ಉಳಿದಿದ್ದೇ ತಪ್ಪಾಯಿತು. ಇಲ್ಲದಿದ್ದಾಗ ಎಲ್ಲರೂ ಚೆನ್ನಾಗಿಯೇ ಇದ್ದರು.

ಎರಡು ತಿಂಗಳ ಹಿಂದೆ ರಾತ್ರಿ ಹೊತ್ತು ಒಂದು ಬೈಕ್ ಕಳುವಾಯಿತು. ಮಾರನೇ ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂರು ಮೆಸೇಜ್. ಮೂರನೇ ದಿನ ಕಮಿಟಿಯ ಐದು ಜನ ಕೂತು ತೀರ್ಮಾನ ಮಾಡಿಯೇ ಬಿಟ್ಟರು: ರಸ್ತೆಯ ಎರಡೂ ತುದಿಗೆ ಗೇಟ್, ಹನ್ನೆರಡು ಕ್ಯಾಮೆರಾ, ಒಬ್ಬ ಸೆಕ್ಯೂರಿಟಿ. ಅದಕ್ಕೆ ದುಡ್ಡು ಸಾಲದು ಅಂತ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಆಟೋಟ ಮತ್ತು ಸಂಜೆ ಕಾರ್ಯಕ್ರಮ ರದ್ದು. 'ದಂಡದ ಖರ್ಚು' ಅಂತ ಕಾರಣ ಬರೆದರು.

ಇದರ ನಡುವೆ ಮೂಲೆಯ ಖಾಲಿ ಸೈಟಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಬರುತ್ತಿದೆ. ಆಕ್ಷೇಪಣೆ ಸಲ್ಲಿಸಿ ಅಂತ ನೋಟಿಸ್ ಅಂಟಿಸಿದ್ದಾರೆ. ಅದನ್ನು ಓದಿದವಳು ನಾನೊಬ್ಬಳೇ ಅನಿಸುತ್ತದೆ.

ನಾನು ಆರು ತಿಂಗಳಿಂದ ಜಂಟಿ ಕಾರ್ಯದರ್ಶಿ. ಬೇರೆ ಯಾರೂ ಕೈ ಎತ್ತಲಿಲ್ಲ, ನಾನು ಕೈ ಎತ್ತಿದ್ದು ಫ್ಯಾನ್ ಹಾಕಿ ಅಂತ ಹೇಳೋಕೆ. ಮುನ್ನೂರು ಮನೆ ಇರುವ ಜಾಗದಲ್ಲಿ ಕಳೆದ ಸಭೆಗೆ ಬಂದವರು 22 ಜನ. ನಿಮ್ಮ ಕಡೆ ಇವೆಲ್ಲ ಹೇಗೆ ನಡೆಯುತ್ತದೆ?

ಬೀದಿಕೊನೆ
22 ಜನಾನಾ? ನಿಮ್ಮದು ಆದರ್ಶ ಬಡಾವಣೆ. ನಮ್ಮಲ್ಲಿ ಕುರ್ಚಿ ತಂದವನನ್ನೂ ಲೆಕ್ಕಕ್ಕೆ ಸೇರಿಸಿದರೆ ಒಂಬತ್ತು.

ನೇರಮಾತು
ಕಮಿಟಿ ಮಾಡಿದ್ದರಲ್ಲಿ ತಪ್ಪೇನಿದೆ? ಕಳ್ಳತನವಾಗಿದೆ, ಬೇಗ ಏನಾದರೂ ಮಾಡಬೇಕಿತ್ತು, ಮಾಡಿದರು. ಮುನ್ನೂರು ಮನೆಯವರನ್ನು ಕೇಳಿಕೊಂಡು ಕೂತರೆ ಗೇಟ್ ಹಾಕುವಷ್ಟರಲ್ಲಿ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಡು ಡ್ಯಾನ್ಸ್ ಒಂದು ವರ್ಷ ಇಲ್ಲದಿದ್ದರೆ ಯಾರೂ ಸಾಯಲ್ಲ. ಸೇಫ್ಟಿ ಮೊದಲು.

ಹಳೇ ಖಜಾಂಚಿ
ನೇರಮಾತು ಸಾರ್, ಇದಕ್ಕೆ ಒಂದು ಗಾದೆ ಇದೆಯಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ನೇರಮಾತು
ಹಾಕದೇ ಇರುವುದಕ್ಕಿಂತ ವಾಸಿ.

ರಾತ್ರಿಪಾಳಿ
ಅಕ್ಕಾ, ಒಂದು ಪ್ರಶ್ನೆ. ಬೈಕ್ ಕದ್ದ ಜಾಗದಲ್ಲಿ ಬೀದಿದೀಪ ಇತ್ತಾ?

ಬೇವಿನಮರದ ಮನೆ
ಕಂಬ ಇದೆ, ದೀಪವೂ ಇದೆ. ಉರಿಯಲ್ಲ. ನಾಲ್ಕು ತಿಂಗಳಾಯಿತು.

ಬೀದಿಕೊನೆ
😂😂 ಕತ್ತಲಲ್ಲಿ ಹನ್ನೆರಡು ಕ್ಯಾಮೆರಾ. ಕಳ್ಳನ ಬೆನ್ನು ಕಪ್ಪಗೆ ಬರುತ್ತದೆ, ಅದನ್ನೇ ಫ್ರೇಮ್ ಹಾಕಿಸಿ.

ರಾತ್ರಿಪಾಳಿ
ಅದಕ್ಕೇ ಕೇಳಿದ್ದು. ನಾನು ದಿನಾ ರಾತ್ರಿ ಎರಡು ಗಂಟೆಗೆ ಮನೆಗೆ ಬರುವವನು. ಯಾವ ಬೀದಿಯಲ್ಲಿ ಭಯ, ಯಾವುದರಲ್ಲಿ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಕ್ಯಾಮೆರಾ ಬೋರ್ಡ್ ನೋಡಿ ನನಗೆ ಯಾವತ್ತೂ ಧೈರ್ಯ ಬಂದಿಲ್ಲ. ಬೆಳಕು ಇದ್ದರೆ ಬರುತ್ತದೆ. ಮಹಡಿ ಮೇಲೆ ಯಾರೋ ಒಬ್ಬರು ನಿದ್ದೆ ಬರದೆ ನಿಂತಿದ್ದರೆ ಇನ್ನೂ ಜಾಸ್ತಿ ಬರುತ್ತದೆ.

ಪುಸ್ತಕದ ಹುಳು
ರಾತ್ರಿಪಾಳಿ ಹೇಳಿದ್ದು ಬರೀ ಅನುಭವದ ಮಾತಲ್ಲ. 2016ರಲ್ಲಿ ನ್ಯೂಯಾರ್ಕ್ ನಗರದ ಕೆಲವು ಸಾರ್ವಜನಿಕ ವಸತಿ ಸಮುಚ್ಚಯಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ ದೊಡ್ಡ ದೀಪದ ಕಂಬ ತಂದು ನಿಲ್ಲಿಸಿದರು. ದೀಪ ಹಾಕದ ಜಾಗಗಳಿಗೆ ಹೋಲಿಸಿದಾಗ ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು 36% ಕಡಿಮೆಯಾಯಿತು. ಕ್ಯಾಮೆರಾಗಳ ಬಗ್ಗೆ 2019ರಲ್ಲಿ ಒಂದು ವಿಮರ್ಶೆ ಬಂತು, 40 ವರ್ಷದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಅಪರಾಧ ಸುಮಾರು 13% ಇಳಿಯಿತು. ಹೆಚ್ಚು ಲಾಭ ಕಂಡಿದ್ದು ಕಾರ್ ಪಾರ್ಕಿಂಗ್ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ.

ನೇರಮಾತು
ಪಾರ್ಕಿಂಗ್ ಜಾಗದಲ್ಲಿ ಲಾಭ ಅಂದರಲ್ಲ, ಕಳುವಾಗಿದ್ದು ಬೈಕ್. ನೀವು ನನ್ನ ಪರವಾಗಿಯೇ ವಾದ ಮಾಡಿದಿರಿ, ಥ್ಯಾಂಕ್ಸ್.

ಪುಸ್ತಕದ ಹುಳು
ಒಪ್ಪಿದೆ, ಆ ಒಂದು ಪಾಯಿಂಟ್ ನಿಮಗೆ. ಆದರೆ ಆ ವಿಮರ್ಶೆಯಲ್ಲೇ ಇನ್ನೊಂದು ಮಾತಿದೆ. ಕ್ಯಾಮೆರಾವನ್ನು ಯಾರಾದರೂ ಕೂತು ನೋಡುತ್ತಿದ್ದು, ಜೊತೆಗೆ ಬೇರೆ ಕ್ರಮಗಳೂ ಇದ್ದ ಕಡೆ ಫಲ ಜಾಸ್ತಿ. ನಿಮ್ಮ ಹನ್ನೆರಡು ಕ್ಯಾಮೆರಾ ಯಾರು ನೋಡುತ್ತಾರೆ?

ಹಳೇ ಖಜಾಂಚಿ
ಸರಿಯಾದ ಪ್ರಶ್ನೆ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಖಜಾಂಚಿ ಆಗಿದ್ದಾಗ ನಾವೂ ಕ್ಯಾಮೆರಾ ಹಾಕಿಸಿದೆವು. ಹಾಕಿಸುವುದು ಒಂದು ದಿನದ ಕೆಲಸ. ಆಮೇಲೆ ಶುರು. ರೆಕಾರ್ಡಿಂಗ್ ಪೆಟ್ಟಿಗೆ ಯಾರ ಮನೆಯಲ್ಲಿ ಇಡಬೇಕು? ಕರೆಂಟ್ ಬಿಲ್ ಯಾರದು? ಅಧ್ಯಕ್ಷರ ಮನೆಯಲ್ಲಿ ಇಟ್ಟೆವು. ಎರಡೇ ವಾರಕ್ಕೆ 'ನಮ್ಮ ಮನೆಗೆ ಯಾರು ಬಂದರು ಹೋದರು ಅಂತ ಅಧ್ಯಕ್ಷರ ಹೆಂಡತಿಗೆ ಗೊತ್ತಿದೆ' ಅಂತ ಜಗಳ. ಒಂದು ಕ್ಯಾಮೆರಾ ಎದುರು ಮನೆಯ ಬಾಲ್ಕನಿಗೆ ತಿರುಗಿತ್ತು, ಅದು ಇನ್ನೊಂದು ಜಗಳ. ನಿಜವಾಗಿ ಬೇಕಾದ ದಿನ ನೋಡಿದರೆ ಹಳೆಯ ದೃಶ್ಯ ಅಳಿಸಿ ಹೋಗಿತ್ತು. ಎಷ್ಟು ದಿನ ಉಳಿಯುತ್ತದೆ ಅಂತ ಹಾಕಿಸುವಾಗ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಕಿಸಲೇಬೇಕು ಅಂದರೆ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಎಲ್ಲಿಗೆ ಮುಖ, ಎಷ್ಟು ದಿನ ಇಡುವುದು, ಯಾರು ನೋಡಬಹುದು, ಯಾರ ಮುಂದೆ ನೋಡಬೇಕು, ಕೆಟ್ಟರೆ ರಿಪೇರಿ ಯಾರ ಜವಾಬ್ದಾರಿ. ಆ ಹಾಳೆಗೆ ಸಭೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಹಾಳೆ ಬರೆಯೋಕೆ ಆಗದಿದ್ದರೆ ಕ್ಯಾಮೆರಾ ಬೇಡ.

ಮೂರನೇ ಅಡ್ಡರಸ್ತೆ
ಗೇಟಿನ ಕಥೆ ನಾನು ಹೇಳುತ್ತೇನೆ. ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಕಡೆ ಗೇಟಿಗೆ ಬೀಗ ಹಾಕುತ್ತಿದ್ದರು. ಒಂದು ರಾತ್ರಿ ನಮ್ಮ ತಂದೆಗೆ ಎದೆನೋವು. ಆಂಬುಲೆನ್ಸ್ ಬಂದಿದ್ದು ಬೀಗ ಹಾಕಿದ ಕಡೆಯಿಂದ. ಕೀಲಿ ಸೆಕ್ಯೂರಿಟಿ ಹತ್ತಿರ, ಸೆಕ್ಯೂರಿಟಿ ಇನ್ನೊಂದು ತುದಿಯಲ್ಲಿ. ಸುತ್ತಿ ಬರೋಕೆ ಹನ್ನೊಂದು ನಿಮಿಷ ಹಿಡಿಯಿತು. ಅಪ್ಪ ಬದುಕಿದರು. ಆ ಹನ್ನೊಂದು ನಿಮಿಷ ನಾನು ಇನ್ನೂ ಮರೆತಿಲ್ಲ. ಮರುದಿನ ಬೀಗ ತೆಗೆಸಿದೆ. ಯಾರನ್ನೂ ಕೇಳಲಿಲ್ಲ.

ಕಟ್ಟಡದ ಮೇಷ್ಟ್ರು
ಗೇಟಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ರಸ್ತೆ ಯಾರದು ಅಂತ. ಸಂಘದ ಸ್ವಂತ ಜಾಗವಾದರೆ ಒಂದು ಲೆಕ್ಕ. ಸಾರ್ವಜನಿಕ ರಸ್ತೆಯಾದರೆ ಸಂಘಕ್ಕೆ ಅದನ್ನು ಮುಚ್ಚುವ ಹಕ್ಕು ತಾನಾಗಿ ಬರುವುದಿಲ್ಲ. ಮೇಂಟೆನೆನ್ಸ್ ದುಡ್ಡು ಕೊಡುತ್ತೇವೆ ಅಂದ ಮಾತ್ರಕ್ಕೆ ರಸ್ತೆ ನಮ್ಮದಾಗಲ್ಲ. ಅನುಮತಿ ಇಲ್ಲದೆ ಹಾಕಿದ ಗೇಟನ್ನು ನಾಳೆ ತೆಗೆಸಿದರೆ ಆ ದುಡ್ಡು ಗೋವಿಂದ.

ನೇರಮಾತು
ಎಲ್ಲರೂ ಬೇಡ ಬೇಡ ಅಂತೀರಿ. ಹಾಗಾದರೆ ಏನು ಮಾಡಬೇಕು? ಕಳ್ಳನಿಗೆ ವಾರ್ಷಿಕೋತ್ಸವದ ಆಮಂತ್ರಣ ಕೊಡೋಣವಾ?

ಬೀದಿಕೊನೆ
ಕೊಡಿ. ನಮ್ಮ ಕಾರ್ಯಕ್ರಮದಲ್ಲಿ ಭಾಷಣ ಕೇಳಿದರೆ ಅವನೇ ಊರು ಬಿಟ್ಟು ಹೋಗುತ್ತಾನೆ.

ಇಬ್ಬರು ಮಕ್ಕಳ ತಾಯಿ
ಎಲ್ಲರೂ ಕಳ್ಳನ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಕಳ್ಳನಿಗಿಂತ ಆಟದ ಮೈದಾನದ ಮುಂದೆ ಬರುವ ಕಾರುಗಳ ಭಯ. ಹತ್ತಿರದ ದೊಡ್ಡ ರಸ್ತೆಯಲ್ಲಿ ಸಿಗ್ನಲ್ ಜಾಸ್ತಿ ಅಂತ ಎಲ್ಲ ನಮ್ಮ ರಸ್ತೆಗೆ ನುಗ್ಗುತ್ತವೆ. ಮೂರು ಸಲ ಸಂಘಕ್ಕೆ ಬರೆದು ಕೊಟ್ಟೆ. 'ಗಮನಿಸಲಾಗಿದೆ' ಅಂತ ಉತ್ತರ ಬಂತು. ಕೊನೆಗೆ ಯಾರೋ ಮನೆ ಕಟ್ಟುವಾಗ ಉಳಿದ ಕಾಂಕ್ರೀಟ್ ಸುರಿದು ತಾವೇ ಒಂದು ಹಂಪ್ ಮಾಡಿದರು. ಎರಡನೇ ದಿನಕ್ಕೆ ಸ್ಕೂಟರಿನಲ್ಲಿ ಬಂದ ಅಜ್ಜ ಒಬ್ಬರು ಬಿದ್ದರು.

ಕಟ್ಟಡದ ಮೇಷ್ಟ್ರು
ತಾಯಿ, ನಿಮ್ಮ ಭಯ ಸರಿಯಾಗಿಯೇ ಇದೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಸಭೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಚಾಲಕನಿಗೆ ಮಗು ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು ಅಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ, ಒಣ ರಸ್ತೆಯಲ್ಲಿ ಕಾರು ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ಸಾಕು. 50 ಕಿ.ಮೀ. ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿರುತ್ತದೆ. ಅಂದರೆ ಮೊದಲನೇ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಹಾಕಿರುವುದಿಲ್ಲ. ಪೂರ್ತಿ ವೇಗದಲ್ಲೇ ಇರುತ್ತದೆ. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ಜನ ಮತ್ತು ವಾಹನ ಬೆರೆಯುವ ಕಡೆ 30ರ ಮಿತಿ ಹಾಕಿ ಅಂತ ಹೇಳಿದ್ದು ಇಂಥ ಲೆಕ್ಕಗಳಿಂದಲೇ.

ಹಂಪ್ ವಿಷಯ. ಉಳಿದ ಕಾಂಕ್ರೀಟಿನಲ್ಲಿ ಮಾಡುವುದು ಹಂಪ್ ಅಲ್ಲ, ಕಟ್ಟೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಪರೀಕ್ಷೆ ಮಾಡಿ ರೂಪಿಸಿದ ಹಂಪ್ 3.7 ಮೀಟರ್ ಉದ್ದ, ಎತ್ತರ ಬರೀ 10 ಸೆಂ.ಮೀ. ಬೆನ್ನು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ನಿಧಾನ ಬರುವವನಿಗೆ ತೊಂದರೆ ಇಲ್ಲ, ಜೋರಾಗಿ ಬರುವವನಿಗೆ ಕುಲುಕಾಟ. ಗಿಡ್ಡ ಉದ್ದಕ್ಕೆ ದೊಡ್ಡ ಎತ್ತರ ಕೊಟ್ಟರೆ ಎರಡು ಚಕ್ರದವರು ಬೀಳುತ್ತಾರೆ. ರಾತ್ರಿ ಕಾಣುವ ಹಾಗೆ ಬಣ್ಣ, ಮುಂಚೆಯೇ ಒಂದು ಫಲಕ, ಎರಡೂ ಬೇಕು. ಸ್ವಂತ ಕೈಯಿಂದ ಮಾಡಬೇಡಿ. ಬಿದ್ದವರು ಕೇಸ್ ಹಾಕಿದರೆ ಸಂಘದ ಹೆಸರೇ ಬರುತ್ತದೆ.

ಸೈಕಲ್ ಸವಾರ
ಹಂಪ್ ಹಾಕಿದರೆ ಫೈರ್ ಎಂಜಿನ್ ಕೂಡ ನಿಧಾನವಾಗುತ್ತದಲ್ಲ ಮೇಷ್ಟ್ರೇ?

ಕಟ್ಟಡದ ಮೇಷ್ಟ್ರು
ಆಗುತ್ತದೆ. ಅದಕ್ಕೆ ಕೆಲವು ದೇಶಗಳಲ್ಲಿ ಇಡೀ ರಸ್ತೆಗೆ ಅಡ್ಡ ಹಾಕದೆ, ನಡುನಡುವೆ ಸಂದು ಬಿಟ್ಟು ದಿಂಬಿನ ಹಾಗೆ ತುಂಡು ತುಂಡಾಗಿ ಹಾಕುತ್ತಾರೆ. ಫೈರ್ ಎಂಜಿನ್ ಅಗಲ ಜಾಸ್ತಿ, ಅದರ ಚಕ್ರ ಸಂದಿನಲ್ಲಿ ಹೋಗುತ್ತದೆ. ಕಾರಿನ ಚಕ್ರ ಹತ್ತಲೇಬೇಕು. ಸೈಕಲ್ಲಿಗೂ ಸಂದು ಸಾಕು, ನಿಮಗೆ ಖುಷಿ.

ಸೈಕಲ್ ಸವಾರ
ತುಂಬಾ ಖುಷಿ 🙂 ಸೈಕಲ್ ಅಂದಾಗ ನೆನಪಾಯಿತು, ಪಾರ್ಕಿನ ಗೇಟಿಗೆ ಅಡ್ಡ ಬೈಕ್ ನಿಲ್ಲಿಸುವವರ ಬಗ್ಗೆ ಯಾವ ಸಂಘವಾದರೂ ಏನಾದರೂ ಮಾಡಿದೆಯಾ?

ಬೀದಿಕೊನೆ
ಅದಕ್ಕೇ ಕಳ್ಳ ಬಂದಿದ್ದು ಅಂತ ಕಾಣುತ್ತದೆ. ಸಮಾಜಸೇವೆ.

ಬಾಡಿಗೆಮನೆ
ನಾನು ಒಂದು ಮಾತು ಕೇಳಲಾ? ಬೈಕ್ ಕಳೆದುಕೊಂಡವರು ಸಂಘದ ಸದಸ್ಯರಾ?

ಬೇವಿನಮರದ ಮನೆ
ಇಲ್ಲ. ಬಾಡಿಗೆಗೆ ಇದ್ದಾರೆ. ನಮ್ಮ ಬೈಲಾ ಪ್ರಕಾರ ಮನೆ ಮಾಲೀಕರಿಗೆ ಮಾತ್ರ ಸದಸ್ಯತ್ವ.

ಬಾಡಿಗೆಮನೆ
ಅಂದುಕೊಂಡೆ. ಬೈಕ್ ಅವರದು, ಭಯ ಅವರದು, ಸಭೆ ಮಾತ್ರ ನಿಮ್ಮದು. ಒಂಬತ್ತು ವರ್ಷದಿಂದ ಒಂದೇ ಬೀದಿಯಲ್ಲಿದ್ದೇನೆ. ಮೇಂಟೆನೆನ್ಸ್ ನಾನೇ ಕಟ್ಟುವುದು. ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಸಭೆಗೆ ಬಂದಿದ್ದನ್ನು ನಾನು ನೋಡಿಲ್ಲ. ಆದರೂ ವೋಟು ಅವರದು. ಜನ ಬರಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಬರಬೇಕು ಅಂದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೀರಿ.

ನೇರಮಾತು
ಬಾಡಿಗೆಯವರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ. ಇಪ್ಪತ್ತು ವರ್ಷದ ಸಾಲ ತೀರಿಸುವವರು ನಾವು. ಆಸ್ತಿ ಬೆಲೆ ಇಳಿದರೆ ಪೆಟ್ಟು ನಮಗೆ.

ಬಾಡಿಗೆಮನೆ
ಒಂಬತ್ತು ವರ್ಷ ಅಂತ ಬರೆದಿದ್ದು ಕಾಣಲಿಲ್ಲವಾ ಸಾರ್?

ಮಹಡಿಮನೆ ಅಜ್ಜ
ಜಗಳ ಬೇಡ ಮಕ್ಕಳೇ. ನಮ್ಮಲ್ಲಿ ನಾಲ್ಕು ವರ್ಷದ ಹಿಂದೆ ಬೈಲಾ ತಿದ್ದಿದೆವು. ಆಸ್ತಿಗೆ ಸಂಬಂಧಪಟ್ಟ ಖರ್ಚಿಗೆ ಮಾಲೀಕರ ವೋಟು. ದೀಪ, ಕಸ, ಸುರಕ್ಷತೆ, ಕಾರ್ಯಕ್ರಮ ಇವಕ್ಕೆಲ್ಲ ಮನೆಯಲ್ಲಿ ಯಾರು ವಾಸ ಇದ್ದಾರೋ ಅವರ ವೋಟು. ತಿದ್ದುಪಡಿಗೆ ಮೊದಲೇ ನೋಟಿಸ್ ಕೊಟ್ಟು, ಸರ್ವಸದಸ್ಯರ ಸಭೆಯಲ್ಲಿ ಬಹುಮತ ಪಡೆದು, ನೋಂದಣಿ ಕಚೇರಿಗೆ ಕಳಿಸಿದೆವು. ಮೊದಲ ವರ್ಷವೇ ಕ್ರೀಡೆಯ ಜವಾಬ್ದಾರಿ ತೆಗೆದುಕೊಂಡಿದ್ದು ಮೂವರು ಬಾಡಿಗೆ ಹುಡುಗರು. ನಾವು ಮುದುಕರು ಸೀಟಿ ಊದಿದೆವು, ಅಷ್ಟೇ.

ಹಳೇ ಖಜಾಂಚಿ
ಅಜ್ಜನವರ ಮಾತಿಗೆ ನನ್ನದೊಂದು ಸೇರಿಸಿ: ಲೆಕ್ಕ. ಜನ ಸಭೆಗೆ ಬರದಿರುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. 'ಹೋದರೂ ಅಷ್ಟೇ, ಅವರು ಮೊದಲೇ ಮಾಡಿಕೊಂಡಿರುತ್ತಾರೆ' ಅನ್ನುವ ಭಾವನೆ ಇರುತ್ತದೆ. ನಾನು ಬಂದ ಹೊಸದರಲ್ಲಿ ಅರ್ಧಕ್ಕರ್ಧ ಮನೆಯವರು ಚಂದಾ ಕೊಡುತ್ತಿರಲಿಲ್ಲ. ನಾನು ಮಾಡಿದ್ದು ಒಂದೇ ಕೆಲಸ. ಪ್ರತಿ ತಿಂಗಳ ಐದನೇ ತಾರೀಖು, ಪಾರ್ಕಿನ ಬೋರ್ಡಿನಲ್ಲಿ ಒಂದು ಹಾಳೆ. ಬಂದಿದ್ದೆಷ್ಟು, ಹೋಗಿದ್ದೆಷ್ಟು, ಯಾವುದಕ್ಕೆ. ಮುರಿದ ಕುರ್ಚಿಗೆ ದಂಡ ಕಟ್ಟಿದ್ದನ್ನೂ ಬರೆದೆ. ಯಾರು ಮುರಿದದ್ದು ಅಂತ ಮಾತ್ರ ಬರೆಯಲಿಲ್ಲ, ಅವರೇ ಬಂದು ಒಪ್ಪಿಕೊಂಡರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಚಂದಾ ತೆಗೆದುಕೊಂಡ ಜಾಗದಲ್ಲೇ ರಸೀದಿ. ಮೂರನೇ ತಿಂಗಳಿಂದ ದುಡ್ಡು ತಾನಾಗಿ ಬಂತು. ಬೈದವರೂ ಕೊಟ್ಟರು. ಬೈಯೋಕೆ ಒಂದು ಹಾಳೆ ಸಿಕ್ಕಿತಲ್ಲ.

ಪುಸ್ತಕದ ಹುಳು
ಹಾಳೆ ಅಂದಾಗ ನೆನಪಾಯಿತು. ಜಪಾನಿನಲ್ಲಿ 'ಛೋನಾಯ್‌ಕಾಯ್' ಅಂತ ಬೀದಿ ಸಂಘಗಳಿವೆ. ಅಲ್ಲಿ 'ಕೈರಾನ್‌ಬಾನ್' ಅಂದರೆ ನೋಟಿಸ್ ಸಿಕ್ಕಿಸಿದ ಒಂದು ಹಲಗೆ ಮನೆಯಿಂದ ಮನೆಗೆ ಕೈಯಿಂದ ಕೈಗೆ ಹೋಗುತ್ತದೆ. ಓದಿದವರು ಗುರುತು ಹಾಕಿ ಪಕ್ಕದ ಮನೆಗೆ ಕೊಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಈ ಸಂಘಗಳನ್ನು ಜನರ ಮೇಲೆ ಹಿಡಿತಕ್ಕೆ ಬಳಸಿತು. ಅದಕ್ಕೇ 1947ರಲ್ಲಿ, ಅಮೆರಿಕದ ಆಡಳಿತ ಇದ್ದಾಗ, ಇವನ್ನು ನಿಷೇಧಿಸಿದರು. 1952ರಲ್ಲಿ ನಿಷೇಧ ಹೋಯಿತು, ಸಂಘಗಳು ಮತ್ತೆ ಎದ್ದವು. ಸಂಘ ಅನ್ನುವುದು ಎರಡು ಅಲಗಿನ ಕತ್ತಿ ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಕಾವಲು ಕಾಯುವುದು ಯಾವಾಗ ಬೇಹುಗಾರಿಕೆ ಆಗುತ್ತದೋ ಹೇಳೋಕಾಗಲ್ಲ.

ಇಬ್ಬರು ಮಕ್ಕಳ ತಾಯಿ
ಆ ಹಲಗೆ ಐಡಿಯಾ ಚೆನ್ನಾಗಿದೆ. ಪಕ್ಕದ ಮನೆಯ ಬೆಲ್ ಒತ್ತಲೇಬೇಕಲ್ಲ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ನೀರು ಬರಲ್ಲ ಅನ್ನುವ ಮೆಸೇಜ್ ನಲವತ್ತು ಗುಡ್ ಮಾರ್ನಿಂಗ್ ಕೆಳಗೆ ಹೂತು ಹೋಗಿರುತ್ತದೆ.

ಮೂರನೇ ಅಡ್ಡರಸ್ತೆ
ನಮ್ಮಲ್ಲಿ ಗುಂಪನ್ನು ಎರಡು ಮಾಡಿದೆವು. ಒಂದರಲ್ಲಿ ಕಾರ್ಯದರ್ಶಿ ಮಾತ್ರ ಬರೆಯಬಹುದು. ಇನ್ನೊಂದರಲ್ಲಿ ಗುಡ್ ಮಾರ್ನಿಂಗ್, ಜಗಳ, ಕಳೆದುಹೋದ ಬೆಕ್ಕು ಎಲ್ಲ. ಎರಡನೆಯದನ್ನೇ ಜನ ಜಾಸ್ತಿ ಓದುತ್ತಾರೆ, ಅದು ಬೇರೆ ವಿಷಯ.

ನೇರಮಾತು
ಸರಿ, ಆ ಅಪಾರ್ಟ್‌ಮೆಂಟ್ ವಿಷಯ ಯಾರೂ ಎತ್ತಲಿಲ್ಲ. ಅದನ್ನು ನಿಲ್ಲಿಸಲೇಬೇಕು. ಇದರಲ್ಲಾದರೂ ಎಲ್ಲರೂ ಒಪ್ಪುತ್ತೀರಿ ತಾನೆ? ನೀರು ಸಾಲಲ್ಲ, ಪಾರ್ಕಿಂಗ್ ಇಲ್ಲ, ಬಿಸಿಲು ಬರಲ್ಲ.

ಬಾಡಿಗೆಮನೆ
ನಾನು ಒಪ್ಪಲ್ಲ. ಎಲ್ಲ ಬಡಾವಣೆಯವರೂ 'ನಮ್ಮ ಪಕ್ಕ ಬೇಡ' ಅಂದರೆ ಹೊಸಬರು ಎಲ್ಲಿ ವಾಸ ಮಾಡಬೇಕು? ನಿಮ್ಮ ಮನೆ ಕಟ್ಟುವಾಗಲೂ ಪಕ್ಕದವರಿಗೆ ಧೂಳು ಬಂದಿರುತ್ತದೆ.

ನೇರಮಾತು
ನನ್ನದು ಎರಡು ಮಹಡಿ. ಅದು ಹನ್ನೆರಡು. ಎರಡೂ ಒಂದೇನಾ?

ಕಟ್ಟಡದ ಮೇಷ್ಟ್ರು
ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಆಕ್ಷೇಪಣೆ ಬರೆಯುವ ರೀತಿ ಬೇರೆ. 'ನಮಗೆ ಬೇಡ' ಅಂತ ಒಂದೇ ಒಕ್ಕಣೆಯ ನೂರು ಪತ್ರ ಕೊಟ್ಟರೂ ತೂಕ ಒಂದೇ ಪತ್ರದ್ದು. ಬೇಡ ಅಂತ ಬರೆದವರಿಗೆ 'ಸ್ವೀಕರಿಸಲಾಗಿದೆ' ಅಂತ ಉತ್ತರ ಬರುತ್ತದೆ. ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡಬೇಕಾಗುತ್ತದೆ.

ಮೊದಲು ನಕ್ಷೆ ತೋರಿಸಿ ಅಂತ ಅರ್ಜಿ ಕೊಡಿ. ಆಮೇಲೆ ಒಂದೊಂದೇ ಕೇಳಿ. ರಸ್ತೆಯ ಅಗಲಕ್ಕೆ ಆ ಎತ್ತರಕ್ಕೆ ಅವಕಾಶ ಇದೆಯಾ? ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರಾ? ಮಳೆ ನೀರು ಯಾವ ಚರಂಡಿಗೆ, ಆ ಚರಂಡಿಗೆ ತಾಕತ್ತಿದೆಯಾ? ಎಷ್ಟು ಮನೆ, ಎಷ್ಟು ಗಾಡಿ ನಿಲ್ಲುವ ಜಾಗ? ಫೈರ್ ಎಂಜಿನ್ ಎಲ್ಲಿಂದ ಒಳಗೆ ಬರುತ್ತದೆ? ಲಾರಿ ಯಾವ ಹೊತ್ತಿಗೆ ಓಡಾಡುತ್ತವೆ? ಇದರಲ್ಲಿ ಎರಡಕ್ಕೆ ಅವರ ಹತ್ತಿರ ಉತ್ತರ ಇಲ್ಲದಿದ್ದರೂ ನಕ್ಷೆ ಬದಲಾಗುತ್ತದೆ. ಕಟ್ಟಡ ಕಟ್ಟುವುದು ನಿಲ್ಲದೇ ಇರಬಹುದು, ಆದರೆ ನಿಮ್ಮ ಚರಂಡಿ ಉಳಿಯುತ್ತದೆ. ಮತ್ತೆ, ಕೊನೇ ದಿನಾಂಕ ಯಾವತ್ತು ಅಂತ ಇವತ್ತೇ ನೋಡಿ. ಎಷ್ಟೇ ಒಳ್ಳೆ ವಾದವಾದರೂ ಒಂದು ದಿನ ತಡವಾದರೆ ರದ್ದಿ.

ಬೇವಿನಮರದ ಮನೆ
ನೋಡಿದೆ ಮೇಷ್ಟ್ರೇ. ಇನ್ನು ಹನ್ನೊಂದು ದಿನ ಇದೆ. ನಕ್ಷೆಗೆ ಅರ್ಜಿ ನಾಳೆ ಕೊಡುತ್ತೇನೆ.

ಪುಸ್ತಕದ ಹುಳು
ಸಾಮಾನ್ಯ ಜನ ಏನೂ ಮಾಡೋಕಾಗಲ್ಲ ಅನ್ನುವವರಿಗೆ ಒಂದು ಕಥೆ. 1950ರ ದಶಕದಲ್ಲಿ ರಾಬರ್ಟ್ ಮೋಸಸ್ ಅನ್ನುವ ಪ್ರಬಲ ಅಧಿಕಾರಿ ನ್ಯೂಯಾರ್ಕಿನ ವಾಷಿಂಗ್‌ಟನ್ ಸ್ಕ್ವೇರ್ ಪಾರ್ಕಿನ ನಡುವೆ ದೊಡ್ಡ ರಸ್ತೆ ಹಾಯಿಸಲು ಹೊರಟಿದ್ದ. 1952ರಲ್ಲಿ ಶರ್ಲಿ ಹೇಯ್ಸ್ ಅನ್ನುವ ತಾಯಿ ಅದರ ವಿರುದ್ಧ ನಿಂತರು. ರಸ್ತೆ ಸಣ್ಣದು ಮಾಡಿ ಅಂತ ಕೇಳಲಿಲ್ಲ, ಪಾರ್ಕಿಗೆ ವಾಹನವೇ ಬೇಡ ಅಂದರು. ಮುಂದೆ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಕೂಡ ಸೇರಿಕೊಂಡರು. 1958ರಲ್ಲಿ ಪ್ರಯೋಗಕ್ಕೆ ಅಂತ ವಾಹನ ನಿಲ್ಲಿಸಿದರು. ಆಮೇಲೆ ಮತ್ತೆ ಬಿಡಲೇ ಇಲ್ಲ.

ಇಬ್ಬರು ಮಕ್ಕಳ ತಾಯಿ
ಮೂರು ಪತ್ರಕ್ಕೆ ಸುಸ್ತಾದ ನಾನು ಆರು ವರ್ಷದ ಕಥೆ ಓದಿ ಸ್ವಲ್ಪ ನಾಚಿಕೊಂಡೆ.

ರಾತ್ರಿಪಾಳಿ
ಕಾರ್ಯಕ್ರಮ ರದ್ದಾಗಿದ್ದರ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ನಿಜವಾಗಿ ಬೇಜಾರಾಗಿದ್ದು ಅದು. ಹಗಲು ಮಲಗುವವನಿಗೆ ಪಕ್ಕದ ಮನೆಯವರ ಮುಖ ಕಾಣುವುದೇ ವರ್ಷಕ್ಕೊಂದು ಸಲ ಆ ಮೈದಾನದಲ್ಲಿ. ಹೋದ ವರ್ಷ ಹಗ್ಗ ಜಗ್ಗಾಟದಲ್ಲಿ ಎಳೆದು ಬೀಳಿಸಿದ ಅಣ್ಣನೇ, ಆಮೇಲೆ ಒಂದು ಮಧ್ಯಾಹ್ನ ನಮ್ಮ ಮನೆ ಗ್ಯಾಸ್ ವಾಸನೆ ಬಂದಾಗ ಬಾಗಿಲು ಬಡಿದು ನನ್ನನ್ನು ಎಬ್ಬಿಸಿದ್ದು. ಮುಖ ಗೊತ್ತಿಲ್ಲದಿದ್ದರೆ ಬಡಿಯುತ್ತಿದ್ದನೋ ಇಲ್ಲವೋ.

ನೇರಮಾತು
ಭಾವುಕ ಮಾತು. ಅದಕ್ಕೂ ಸೇಫ್ಟಿಗೂ ಏನು ಸಂಬಂಧ?

ಪುಸ್ತಕದ ಹುಳು
ಗ್ಯಾಸ್ ವಾಸನೆ ಸೇಫ್ಟಿ ಅಲ್ವಾ ಸಾರ್? 🙂 1995ರ ಜುಲೈನಲ್ಲಿ ಶಿಕಾಗೋದಲ್ಲಿ ಭಯಂಕರ ಬಿಸಿಗಾಳಿ ಬಂತು. ಏಳುನೂರಕ್ಕೂ ಹೆಚ್ಚು ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಬಡತನ, ಒಂಟಿ ವೃದ್ಧರ ಪ್ರಮಾಣ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಒಂದರಲ್ಲಿ ಸಾವು ಬಹಳ, ಇನ್ನೊಂದರಲ್ಲಿ ತೀರಾ ಕಡಿಮೆ. ಕಡಿಮೆ ಸತ್ತ ಕಡೆ ಬೀದಿಯಲ್ಲಿ ಅಂಗಡಿ, ಜನ, ಓಡಾಟ ಇತ್ತು. ಮುದುಕರು ಹೊರಗೆ ಬರುತ್ತಿದ್ದರು, ಕಾಣದಿದ್ದರೆ ಯಾರೋ ವಿಚಾರಿಸುತ್ತಿದ್ದರು.

ನೇರಮಾತು
ಅದು ಬಿಸಿಲು. ನಾನು ಕೇಳಿದ್ದು ಅಪರಾಧ.

ಪುಸ್ತಕದ ಹುಳು
ಅದಕ್ಕೂ ಇದೆ. ಅದೇ ಶಿಕಾಗೋ, 1997ರ ಅಧ್ಯಯನ, 343 ಬಡಾವಣೆ, ಎಂಟು ಸಾವಿರಕ್ಕೂ ಹೆಚ್ಚು ಜನರ ಸಂದರ್ಶನ. ಅಕ್ಕಪಕ್ಕದವರ ಮೇಲೆ ನಂಬಿಕೆ ಇದ್ದು, 'ತಪ್ಪು ನಡೆದರೆ ನಮ್ಮವರು ಸುಮ್ಮನಿರಲ್ಲ' ಅನ್ನುವ ಭರವಸೆ ಇದ್ದ ಕಡೆ ಹಿಂಸೆ ಕಡಿಮೆ. ಬಡತನದ ಲೆಕ್ಕ ತೆಗೆದರೂ ಆ ವ್ಯತ್ಯಾಸ ಉಳಿಯಿತು.

ನೇರಮಾತು
ಹ್ಞೂಂ. ನಿಮ್ಮ ಹತ್ತಿರ ಎಲ್ಲದಕ್ಕೂ ಒಂದು ಶಿಕಾಗೋ ಇರುತ್ತದೆ.

ಬೀದಿಕೊನೆ
ಇಲ್ಲದಿದ್ದರೆ ನ್ಯೂಯಾರ್ಕ್.

ಮೂರನೇ ಅಡ್ಡರಸ್ತೆ
ಕಾರ್ಯಕ್ರಮದ ಪರವಾಗಿ ಮಾತಾಡುವವರು ಒಂದನ್ನು ಒಪ್ಪಿಕೊಳ್ಳಬೇಕು. ಮೈಕು! ನಮ್ಮಲ್ಲಿ ರಾತ್ರಿ ಹನ್ನೊಂದೂವರೆವರೆಗೆ 'ಹಲೋ ಹಲೋ ಮೈಕ್ ಟೆಸ್ಟಿಂಗ್'. ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದವರು, ಯಾರ ಬಗ್ಗೆಯೂ ಯೋಚನೆ ಇಲ್ಲ. ಮೈಕಿಗೆ ಇಂತಿಷ್ಟು ಗಂಟೆ ಅಂತ ಮೊದಲೇ ಬರೆದಿಡಿ.

ಮಹಡಿಮನೆ ಅಜ್ಜ
ನಾವು ಮೈಕು, ವೇದಿಕೆ, ಮುಖ್ಯ ಅತಿಥಿ ಮೂರನ್ನೂ ತೆಗೆದುಹಾಕಿದೆವು. ಮಧ್ಯಾಹ್ನ ಆಟ, ಸಂಜೆ ಮನೆಯಿಂದ ಕುರ್ಚಿ ತಂದು ಕೂರುವುದು, ಒಬ್ಬೊಬ್ಬರು ಒಂದೊಂದು ತಿಂಡಿ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಸನ್ಮಾನ ಇಲ್ಲ ಅಂತ ಇಬ್ಬರು ಬರಲಿಲ್ಲ. ಅವರೂ ಮರುವರ್ಷ ಬಂದರು.

ಪುಸ್ತಕದ ಹುಳು
ಅಜ್ಜಾ, ಪ್ಯಾರಿಸ್ಸಿನಲ್ಲಿ 1999ರಲ್ಲಿ ಶುರುವಾದ ನೆರೆಹೊರೆಯವರ ಹಬ್ಬ ಸರಿಸುಮಾರು ಇದೇ ತರಹ. ಮರುವರ್ಷ ಇಡೀ ಫ್ರಾನ್ಸಿಗೆ ಹರಡಿತು, ಆಮೇಲೆ ಬೇರೆ ದೇಶಗಳಿಗೂ. ವೃದ್ಧೆಯೊಬ್ಬರು ತಮ್ಮ ಫ್ಲಾಟಿನಲ್ಲಿ ಸತ್ತು ಎಷ್ಟೋ ದಿನ ಯಾರಿಗೂ ಗೊತ್ತಾಗದೇ ಹೋಗಿದ್ದು ಅದರ ಹಿಂದಿನ ಪ್ರೇರಣೆ ಅಂತ ಶುರು ಮಾಡಿದವರು ಹೇಳಿಕೊಂಡಿದ್ದಾರೆ.

ಮಹಡಿಮನೆ ಅಜ್ಜ
ನನಗೆ ಗೊತ್ತಿರಲಿಲ್ಲ ಮಗು. ನಮ್ಮಲ್ಲಿ ಮೈಕ್ ಸೆಟ್ ಕೆಟ್ಟಿತ್ತು, ಅದಕ್ಕೆ ಹಾಗೆ ಮಾಡಿದ್ದು.

ಸೈಕಲ್ ಸವಾರ
ಸಭೆ ನಡೆಸುವ ಬಗ್ಗೆಯೂ ಯಾರಾದರೂ ಹೇಳಿ. ನಮ್ಮಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಮೂರು ಗಂಟೆ ಮಾತಾಡಿ, ಕೊನೆಗೆ ಏನು ತೀರ್ಮಾನವಾಯಿತು ಅಂತ ಯಾರಿಗೂ ಗೊತ್ತಿರಲ್ಲ.

ಹಳೇ ಖಜಾಂಚಿ
ವಿಷಯಸೂಚಿ ಒಂದು ವಾರ ಮೊದಲೇ ಹಂಚಿ. ಅದರಲ್ಲಿಲ್ಲದ ವಿಷಯಕ್ಕೆ ಅವತ್ತು ವೋಟು ಇಲ್ಲ. ಒಬ್ಬರಿಗೆ ಮೂರು ನಿಮಿಷ, ಎಲ್ಲರೂ ಒಂದು ಸುತ್ತು ಮಾತಾಡುವವರೆಗೆ ಎರಡನೇ ಸಲ ಇಲ್ಲ. ತೀರ್ಮಾನವನ್ನು ಅಲ್ಲೇ ಬರೆದು, ಅಲ್ಲೇ ಗಟ್ಟಿಯಾಗಿ ಓದಿ. ನಡಾವಳಿ ಪುಸ್ತಕವನ್ನು ಮನೆಗೆ ಹೋಗಿ ಬರೆಯುವ ಕಾರ್ಯದರ್ಶಿಯನ್ನು ನಂಬಬೇಡಿ. ಕೋರಂ ಇಲ್ಲ, ಅಂದರೆ ಸಭೆಗೆ ಬೇಕಾದಷ್ಟು ಜನ ಇಲ್ಲ ಅಂತ ಅರ್ಧ ಗಂಟೆ ಮುಂದೂಡಿ, ಅದೇ ಒಂಬತ್ತು ಜನ ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುವ ಪದ್ಧತಿ ಇದೆಯಲ್ಲ, ಅದನ್ನು ಮೊದಲು ನಿಲ್ಲಿಸಿ. ಸಣ್ಣ ಖರ್ಚಿಗೆ ಆಗಬಹುದು. ಗೇಟಿಗೆ ಬೇಡ.

ಬೀದಿಕೊನೆ
ಮೂರು ನಿಮಿಷ! ನಮ್ಮ ಅಧ್ಯಕ್ಷರಿಗೆ 'ಮಾನ್ಯರೇ' ಅನ್ನೋಕೇ ಅಷ್ಟು ಬೇಕು.

ಬೇವಿನಮರದ ಮನೆ
ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್, ಬೈದವರಿಗೂ.

ದೀಪ ಉರಿಯುತ್ತಿದೆ. ಕಂಬದ ಮೇಲಿನ ನಂಬರ್ ಬರೆದುಕೊಂಡು ದೂರು ಕೊಟ್ಟೆ. ಮೂರನೇ ದಿನಕ್ಕೆ ಬಂದು ಹಾಕಿದರು. ನಾಲ್ಕು ತಿಂಗಳಿಂದ ಯಾಕೆ ಬರಲಿಲ್ಲ ಅಂತ ಕೇಳಿದೆ. ಯಾರೂ ದೂರು ಕೊಟ್ಟೇ ಇರಲಿಲ್ಲವಂತೆ. ಎಲ್ಲರೂ ಗುಂಪಿನಲ್ಲಿ ಬರೆದು ಸುಮ್ಮನಾಗಿದ್ದರು, ನಾನೂ ಸೇರಿ.

ನಕ್ಷೆ ನೋಡಿದೆವು. ಮಳೆ ನೀರಿನ ಚರಂಡಿ ನಮ್ಮ ಎರಡನೇ ಅಡ್ಡರಸ್ತೆಯ ಸಣ್ಣ ಮೋರಿಗೆ ಸೇರಿಸಿದ್ದರು. ಅದರ ಬಗ್ಗೆ ಆಕ್ಷೇಪಣೆ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಬೈಕ್ ಕಳೆದುಕೊಂಡವರ ಮನೆಗೆ ಹೋಗಿದ್ದೆ. ಸಂಘದಿಂದ ಅವರ ಬಾಗಿಲಿಗೆ ಬಂದವರಲ್ಲಿ ನಾನೇ ಮೊದಲಂತೆ. ಗೇಟ್ ಬೇಕಾ ಅಂತ ಕೇಳಿದೆ. 'ಗೇಟ್ ಬೇಡ ಮೇಡಂ, ನಾನು ಬೆಳಗಿನ ಜಾವ ನಾಲ್ಕಕ್ಕೆ ಕೆಲಸಕ್ಕೆ ಹೋಗಬೇಕು, ಯಾರು ತೆಗೆಯುತ್ತಾರೆ?' ಅಂದರು. ಮುಂದಿನ ಸಭೆಗೆ ಬಾಡಿಗೆಯವರನ್ನೂ ಕರೆದಿದ್ದೇವೆ. ಬೈಲಾ ತಿದ್ದುವವರೆಗೆ ವೋಟು ಇಲ್ಲ, ಮಾತಾಡಬಹುದು. ಅಧ್ಯಕ್ಷರು ಮುಖ ಊದಿಸಿಕೊಂಡಿದ್ದಾರೆ. ಗೇಟು ಮತ್ತು ಕ್ಯಾಮೆರಾ ಆ ಸಭೆಯ ವಿಷಯಸೂಚಿಯಲ್ಲಿವೆ. ಆಟೋಟವೂ ಇದೆ, ಮೈಕು ಇಲ್ಲದೆ.

ನೇರಮಾತು
ಕ್ಯಾಮೆರಾ ಪೂರ್ತಿ ಬಿಡಬೇಡಿ. ಬೈಕ್ ನಿಲ್ಲಿಸುವ ಜಾಗಕ್ಕೆ ಎರಡಾದರೂ ಹಾಕಿ. ಖಜಾಂಚಿಯವರು ಹೇಳಿದ ಆ ಹಾಳೆ ಬೇಕಾದರೆ ನಾನೇ ಬರೆದು ಕಳಿಸುತ್ತೇನೆ.

ಹಳೇ ಖಜಾಂಚಿ
ಕಳಿಸಿ ಸಾರ್. ನಾನು ತಿದ್ದಿ ಕೊಡುತ್ತೇನೆ.

ಬೀದಿಕೊನೆ
ಎಲ್ಲ ಸರಿ, ಬೈಕ್ ಸಿಕ್ಕಿತಾ?

ಬೇವಿನಮರದ ಮನೆ
ಇಲ್ಲ.